ಮ್ಯಾಗ್ನಿಫಿಕಾಟ್‌ನ ಉಳಿದ ಆರು ಸಾಲು ಎಲ್ಲಿ?

ಈ ತಿಂಗಳು ಬಂದ ಪತ್ರಗಳಲ್ಲಿ ಚರ್ಚ್ ಸಂಗೀತದ ಪ್ರಶ್ನೆಗಳೇ ಜಾಸ್ತಿ. ಸೆಪ್ಟೆಂಬರ್ ಹತ್ತಿರ ಬಂತು, ಶಿವಾಜಿನಗರದ ಸೇಂಟ್ ಮೇರೀಸ್ ಚರ್ಚಿನ ಕಡೆ ಕಾವಿ ಬಟ್ಟೆ ತೊಟ್ಟ ಭಕ್ತರ ಸಾಲು ಶುರುವಾಗುತ್ತದೆ, ಎಲ್ಲ ಕ್ವಾಯರ್‌ಗಳಿಗೂ ಒಟ್ಟಿಗೆ ಚುರುಕು ಬರುತ್ತದೆ. ಮೊದಲ ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದವಾಗಿದೆ. ನನಗೆ ಇಷ್ಟವಾದ ವಿಷಯ, ಏನು ಮಾಡೋದು!

ಪ್ರಶ್ನೆ: ನಮ್ಮದು ಹೊರಮಾವಿನ ಕಡೆಯ ಸಣ್ಣ ಕ್ವಾಯರ್. ಆಫೀಸ್ ಕೆಲಸದವರೇ ಹೆಚ್ಚು, ಇಬ್ಬರು ಟೀಚರ್‌ಗಳು, ಬ್ಯಾಂಕಿನಿಂದ ನಿವೃತ್ತರಾದ ಅಂಕಲ್ ಒಬ್ಬರು. ಸೆಪ್ಟೆಂಬರ್ 8ರ ಮರಿಯಮ್ಮನವರ ಹುಟ್ಟುಹಬ್ಬದ ದಿನ ಸಂಜೆ ಪ್ರಾರ್ಥನೆಯಲ್ಲಿ ಲ್ಯಾಟಿನ್ ಮ್ಯಾಗ್ನಿಫಿಕಾಟ್ ಹಾಡುವ ಆಸೆ. ವಿಕ್ಟೋರಿಯಾ ಎಂಬುವರ 'ಮ್ಯಾಗ್ನಿಫಿಕಾಟ್ ಪ್ರಿಮಿ ತೋನಿ', ನಾಲ್ಕು ಧ್ವನಿಯದ್ದು, ಸ್ಕೋರ್ ಸಿಕ್ಕಿತು. ಆದರೆ ಅದರಲ್ಲಿ 'ಮ್ಯಾಗ್ನಿಫಿಕಾಟ್' ಅನ್ನುವ ಪದವೇ ಇಲ್ಲ! 'ಎತ್ ಎಕ್ಸುಲ್ತಾವಿತ್' ಅಂತ ಎರಡನೇ ಸಾಲಿನಿಂದ ಶುರು. ಆಮೇಲೆ ನಾಲ್ಕು, ಆರು, ಎಂಟು, ಹೀಗೆ ಒಂದು ಬಿಟ್ಟು ಒಂದು. ಪಿಡಿಎಫ್ ಅರ್ಧ ಮಾತ್ರ ಬಂದಿದೆ ಅಂತ ಒಬ್ಬರು ಹೇಳುತ್ತಾರೆ. ಇರುವ ಆರು ಸಾಲು ಹಾಡಿ ಮುಗಿಸೋಣ, ಲ್ಯಾಟಿನ್ ಯಾರಿಗೆ ತಾನೇ ಗೊತ್ತು ಅಂತ ಇನ್ನೊಬ್ಬರು. ಏನು ಮಾಡೋದು?
— ಕ್ವಾಯರ್ ನಡೆಸುವವರು, ಹೊರಮಾವು

ಉತ್ತರ: ನಿಮ್ಮ ಪಿಡಿಎಫ್ ಸರಿಯಾಗಿಯೇ ಇದೆ. ಸಂಯೋಜಕರು ಬರೆದದ್ದೇ ಅಷ್ಟು.

ಲೂಕನ ಶುಭಸಂದೇಶದ ಮೊದಲ ಅಧ್ಯಾಯದಲ್ಲಿ, 46ರಿಂದ 55ನೇ ವಾಕ್ಯದವರೆಗೆ, ಮರಿಯಮ್ಮನವರು ಎಲಿಜಬೇತಮ್ಮನವರ ಮನೆಗೆ ಹೋದಾಗ ಹಾಡುವ ಹಾಡೇ ಮ್ಯಾಗ್ನಿಫಿಕಾಟ್. ಹತ್ತು ಸಾಲು. ಕೊನೆಗೆ ಪಿತ, ಸುತ, ಪವಿತ್ರಾತ್ಮರಿಗೆ ಮಹಿಮೆ ಹೇಳುವ ಎರಡು ಸಾಲು ಸೇರಿದರೆ ಹನ್ನೆರಡು. ಈ ಹನ್ನೆರಡರಲ್ಲಿ ಒಂದನ್ನು ಸಾದಾ ಚಾಂಟ್‌ನಲ್ಲಿ, ಅಂದರೆ ಎಲ್ಲರೂ ಒಂದೇ ಧಾಟಿಯಲ್ಲಿ, ತಾಳವಿಲ್ಲದೆ ಹಾಡುತ್ತಾರೆ. ಮುಂದಿನದನ್ನು ಕ್ವಾಯರ್ ನಾಲ್ಕು ಧ್ವನಿಗಳಲ್ಲಿ ಹಾಡುತ್ತದೆ. ಮತ್ತೆ ಚಾಂಟ್, ಮತ್ತೆ ನಾಲ್ಕು ಧ್ವನಿ. 16ನೇ ಶತಮಾನದಲ್ಲಿ ಮ್ಯಾಗ್ನಿಫಿಕಾಟ್ ಹಾಡುತ್ತಿದ್ದ ಸಾಮಾನ್ಯ ಪದ್ಧತಿಯೇ ಇದು. ಚಾಂಟ್ ಎಲ್ಲರಿಗೂ ಬಾಯಿಪಾಠ ಇರುತ್ತಿತ್ತು. ಅದನ್ನು ಮತ್ತೆ ಅಚ್ಚು ಹಾಕಿ ಕಾಗದ ಯಾಕೆ ದಂಡ ಮಾಡಬೇಕು ಅಂತ ಬಿಟ್ಟಿದ್ದಾರೆ, ಅಷ್ಟೇ.

ಯಾಕೆ ಹೀಗೆ ಹಂಚಿಕೊಂಡು ಹಾಡುತ್ತಿದ್ದರು ಅನ್ನೋದು ಸಂಜೆ ಪ್ರಾರ್ಥನೆಯಲ್ಲಿ ಒಂದು ಸಲ ಕೂತರೆ ತಾನಾಗೇ ಗೊತ್ತಾಗುತ್ತದೆ. ಆಗಿನ ವೆಸ್ಪರ್ಸ್‌ನಲ್ಲಿ, ಅಂದರೆ ಸಂಜೆ ಪ್ರಾರ್ಥನೆಯಲ್ಲಿ, ಬೈಬಲಿನ ಐದು ಕೀರ್ತನೆಗಳು. ಈ ಕಡೆ ಬೆಂಚಿನವರು ಒಂದು ಸಾಲು, ಆ ಕಡೆ ಬೆಂಚಿನವರು ಮುಂದಿನ ಸಾಲು. ಮ್ಯಾಗ್ನಿಫಿಕಾಟ್ ಬರುವ ಹೊತ್ತಿಗೆ ಈ ಅದಲು ಬದಲು ಎಲ್ಲರ ಕಿವಿಗೂ ರೂಢಿಯಾಗಿರುತ್ತದೆ. ಸಂಯೋಜಕರು ಆ ರೂಢಿಯನ್ನು ಕೆಡಿಸಲಿಲ್ಲ. ಒಂದು ಕಡೆಯವರ ಸಾಲುಗಳಿಗೆ ಮಾತ್ರ ಬಹುಧ್ವನಿ, ಅಂದರೆ ಬೇರೆ ಬೇರೆ ಧ್ವನಿಗಳು ಬೇರೆ ಬೇರೆ ಎಳೆಗಳನ್ನು ಒಟ್ಟಿಗೆ ಹಾಡುವ ಸಂಗೀತ, ಬರೆದರು. ಇನ್ನೂ ಒಂದು ಕಾರಣ ಇದೆ. ಹಬ್ಬದ ದಿನ ಮ್ಯಾಗ್ನಿಫಿಕಾಟ್ ನಡೆಯುವಾಗಲೇ ಬಲಿಪೀಠಕ್ಕೆ ಧೂಪ ಹಾಕುತ್ತಾರೆ. ಗುರುಗಳು, ಅಂದರೆ ಪಾದ್ರಿಗಳು, ಪೀಠವನ್ನು ಸುತ್ತಿ ಬರಬೇಕು, ಆಮೇಲೆ ಗುರುಗಳಿಗೆ, ಜನರಿಗೆ ಧೂಪ. ಅದಕ್ಕೆಲ್ಲ ಸಮಯ ಬೇಕಲ್ವಾ? ಬರೀ ಚಾಂಟ್‌ನಲ್ಲಿ ಹಾಡಿದರೆ ಧೂಪ ಮುಗಿಯುವ ಮೊದಲೇ ಹಾಡು ಮುಗಿದುಹೋಗುತ್ತದೆ.

ಈಗ ವಿಕ್ಟೋರಿಯಾ ಬಗ್ಗೆ. ಕಬ್ಬನ್ ಪಾರ್ಕ್‌ನಲ್ಲಿ ನಿಂತಿರುವ ರಾಣಿಗೂ ಇವರಿಗೂ ಸಂಬಂಧವಿಲ್ಲ. ತೊಮಾಸ್ ಲೂಯಿಸ್ ದೆ ವಿಕ್ಟೋರಿಯಾ ಸ್ಪೇನಿನ ಆವಿಲಾದಲ್ಲಿ 1548ರ ಸುಮಾರಿಗೆ ಹುಟ್ಟಿದವರು. ಹುಡುಗರಾಗಿದ್ದಾಗಲೇ ರೋಮ್‌ಗೆ ಹೋಗಿ ಜೆಸುಯಿಟರ ಕಾಲೇಜಿನಲ್ಲಿ ಓದಿದರು, 1575ರಲ್ಲಿ ಗುರುಗಳಾದರು. ಆಮೇಲೆ ಸ್ಪೇನಿಗೆ ವಾಪಸ್ ಬಂದು ಮ್ಯಾಡ್ರಿಡ್‌ನ ಒಂದು ಕಾನ್ವೆಂಟಿನಲ್ಲಿ ಸೇವೆ ಮಾಡಿ 1611ರಲ್ಲಿ ತೀರಿಕೊಂಡರು. ಇವರು ಬರೆದದ್ದೆಲ್ಲ ಲ್ಯಾಟಿನ್ ಪ್ರಾರ್ಥನಾ ಸಂಗೀತ. ಒಂದು ಪ್ರೇಮಗೀತೆಯೂ ಇಲ್ಲ. ಆ ಕಾಲಕ್ಕೆ ಅದೇ ವಿಶೇಷ.

1581ರಲ್ಲಿ ರೋಮ್‌ನಲ್ಲಿ ಅವರ ಮ್ಯಾಗ್ನಿಫಿಕಾಟ್‌ಗಳ ಪುಸ್ತಕ ಅಚ್ಚಾಯಿತು. ಚಾಂಟ್ ಧಾಟಿಗಳು ಎಂಟು. ಒಂದೊಂದು ಧಾಟಿಗೂ ಎರಡೆರಡು: ಒಂದರಲ್ಲಿ ಬೆಸ ಸಾಲುಗಳಿಗೆ ಬಹುಧ್ವನಿ, ಇನ್ನೊಂದರಲ್ಲಿ ಸಮ ಸಾಲುಗಳಿಗೆ. ಒಟ್ಟು 16. ಹಾಗಾಗಿ 'ಪ್ರಿಮಿ ತೋನಿ', ಅಂದರೆ ಮೊದಲನೇ ಧಾಟಿಯದ್ದು, ಅಂತ ಹುಡುಕಿದರೆ ಎರಡು ಬೇರೆ ಬೇರೆ ಸ್ಕೋರ್ ಸಿಗಬಹುದು. 'ಎತ್ ಎಕ್ಸುಲ್ತಾವಿತ್' ಅಂತ ಶುರುವಾದರೆ ಸಮ ಸಾಲಿನದು. 'ಆನಿಮಾ ಮೇಆ' ಅಂತ ಶುರುವಾದರೆ ಬೆಸ ಸಾಲಿನದು. ಅದರಲ್ಲೂ 'ಮ್ಯಾಗ್ನಿಫಿಕಾಟ್' ಅನ್ನುವ ಮೊದಲ ಪದವನ್ನು ಒಬ್ಬರು ಚಾಂಟ್‌ನಲ್ಲಿ ಎತ್ತಿಕೊಡಬೇಕು. ನಿಮ್ಮದು ಸಮ ಸಾಲಿನದು. ಅದೇ ಶತಮಾನದ ಸಂಯೋಜಕರಾದ ಪಾಲೆಸ್ತ್ರೀನಾ, ಮೊರಾಲೆಸ್ ಬರೆದ ಮ್ಯಾಗ್ನಿಫಿಕಾಟ್‌ಗಳನ್ನು ತೆಗೆದರೂ ಇದೇ ಗೊಂದಲ ಎದುರಾಗುತ್ತದೆ, ಇದೇ ಉಪಾಯದಿಂದ ಬಿಡಿಸಿಕೊಳ್ಳಿ.

ಇರುವ ಆರು ಸಾಲು ಹಾಡಿ ಮುಗಿಸೋಣ ಅಂದವರ ಮಾತು ಮಾತ್ರ ಕೇಳಬೇಡಿ. ಲ್ಯಾಟಿನ್ ಗೊತ್ತಿಲ್ಲದವರಿಗೆ ಏನೂ ಅನಿಸದಿರಬಹುದು. ಆದರೆ ಏನು ಕಳೆದುಹೋಗುತ್ತದೆ ನೋಡಿ. ಏಳನೇ ಸಾಲು 'ದೆಪೊಸುಯಿತ್ ಪೊತೆಂತೆಸ್ ದೆ ಸೇದೆ': ಬಲಾಢ್ಯರನ್ನು ಗದ್ದುಗೆಯಿಂದ ಇಳಿಸಿದ, ದೀನರನ್ನು ಮೇಲೆತ್ತಿದ. ಇಡೀ ಹಾಡಿನಲ್ಲಿ ಅತ್ಯಂತ ಖಡಕ್ ಸಾಲು ಇದು. ವಚನ ಓದಿ ಬೆಳೆದವರಿಗೆ ಈ ದನಿ ಹೊಸದೇನಲ್ಲ. ಎಂಟನೇ ಸಾಲು 'ಎಸುರಿಯೆಂತೆಸ್': ಹಸಿದವರ ಹೊಟ್ಟೆ ತುಂಬಿಸಿದ, ಸಿರಿವಂತರನ್ನು ಬರಿಗೈಲಿ ಕಳಿಸಿದ. ನಿಮ್ಮ ಸ್ಕೋರಿನಲ್ಲಿ ಏಳನೆಯದು ಚಾಂಟ್‌ಗೆ, ಎಂಟನೆಯದು ನಾಲ್ಕು ಧ್ವನಿಗೆ. ಚಾಂಟ್ ಕಿತ್ತುಹಾಕಿದರೆ ಹಸಿದವರಿಗೆ ಊಟ ಸಿಗುತ್ತದೆ, ಆದರೆ ರಾಜರು ಗದ್ದುಗೆ ಬಿಟ್ಟು ಇಳಿಯೋದೇ ಇಲ್ಲ.

ಕೊನೆಗೆ ಬಂದರಂತೂ ಅರ್ಥವೇ ಕೆಡುತ್ತದೆ. ಹನ್ನೊಂದನೇ ಸಾಲು 'ಗ್ಲೋರಿಯಾ ಪಾತ್ರಿ', ಪಿತನಿಗೆ ಮಹಿಮೆ. ಹನ್ನೆರಡನೆಯದು 'ಸಿಕುತ್ ಎರಾತ್', ಆದಿಯಲ್ಲಿ ಇದ್ದ ಹಾಗೆ. ಹನ್ನೊಂದನ್ನು ಬಿಟ್ಟು ಹನ್ನೆರಡನ್ನು ಹಾಡಿದರೆ, ಏನು ಆದಿಯಲ್ಲಿ ಇದ್ದ ಹಾಗೆ? ಯಾರಿಗೆ ಮಹಿಮೆ? ಜಪಸರ ಹಿಡಿದು ದಿನಾ ಇದನ್ನೇ ಕನ್ನಡದಲ್ಲಿ ಹೇಳುವ ನಮ್ಮ ಅಜ್ಜಿಯರಿಗೆ ಲ್ಯಾಟಿನ್ ಬರದಿದ್ದರೂ ಅರ್ಧ ಪ್ರಾರ್ಥನೆ ನುಂಗಿದ್ದು ಗೊತ್ತಾಗಿಬಿಡುತ್ತದೆ.

ಹಾಗಾದರೆ ಯಾವ ಚಾಂಟ್ ಹಾಡಬೇಕು? ಮೊದಲನೇ ಧಾಟಿಯದ್ದೇ. ಬೇರೆ ಧಾಟಿ ಹಾಕಿದರೆ ಸೇರೋದಿಲ್ಲ, ಯಾಕೆಂದರೆ ವಿಕ್ಟೋರಿಯಾ ಆ ಧಾಟಿಯ ಸ್ವರಗಳನ್ನೇ ಬಿಡಿಸಿ ತಮ್ಮ ಧ್ವನಿಗಳಿಗೆ ಹಂಚಿದ್ದಾರೆ. ಮೊದಲನೇ ಧಾಟಿ ಫಾ, ಸೋಲ್, ಲಾ ಅಂತ ಹತ್ತುತ್ತದೆ. ಲಾ ಮೇಲೆ ನಿಂತು ಅಲ್ಲೇ ಪದಗಳನ್ನು ಓದುತ್ತಾ ಹೋಗುತ್ತದೆ. ಸಾಲಿನ ನಡುವೆ ಸ್ವಲ್ಪ ಬಳುಕಿ ಮತ್ತೆ ಲಾಗೆ ಬರುತ್ತದೆ, ಕೊನೆಗೆ ಕೆಳಗಿಳಿಯುತ್ತದೆ. ಕೀರ್ತನೆಗಳಲ್ಲಿ ಫಾ, ಸೋಲ್, ಲಾ ಹತ್ತುವುದು ಮೊದಲ ಸಾಲಿಗೆ ಮಾತ್ರ. ಮ್ಯಾಗ್ನಿಫಿಕಾಟ್‌ಗೆ ಮರ್ಯಾದೆ ಜಾಸ್ತಿ, ಹಾಗಾಗಿ ಪ್ರತಿ ಸಾಲಿಗೂ ಹತ್ತಬೇಕು. ಇದನ್ನು ಮರೆಯಬೇಡಿ.

ಯಾವ ದಿನ ಯಾವ ಧಾಟಿ ಅನ್ನೋದನ್ನು ನಿರ್ಧರಿಸುವುದು ಮ್ಯಾಗ್ನಿಫಿಕಾಟ್‌ಗೆ ಮುಂಚೆ ಮತ್ತು ಆಮೇಲೆ ಹಾಡುವ ಸಣ್ಣ ಪಲ್ಲವಿ, ಆಂಟಿಫನ್. ಅದು ಯಾವ ಧಾಟಿಯಲ್ಲಿದೆಯೋ ಮ್ಯಾಗ್ನಿಫಿಕಾಟ್ ಕೂಡ ಅದರಲ್ಲೇ. ಅದಕ್ಕೇ ಸಂಯೋಜಕರು ಎಂಟೂ ಧಾಟಿಗಳಿಗೆ ಬರೆದು ಇಡುತ್ತಿದ್ದರು. ಹಬ್ಬ ಯಾವುದೇ ಬರಲಿ, ಪುಸ್ತಕ ತೆಗೆದು ಹಾಡಬೇಕು. ಇಲ್ಲಿ ನಿಮ್ಮ ಅದೃಷ್ಟ ಚೆನ್ನಾಗಿದೆ. ಹಳೆಯ ಲ್ಯಾಟಿನ್ ಪ್ರಾರ್ಥನೆಯಲ್ಲಿ ಸೆಪ್ಟೆಂಬರ್ 8ರ ಸಂಜೆಯ ಆಂಟಿಫನ್ 'ನಾತಿವಿತಾಸ್ ತುಆ', ಓ ಕನ್ಯೆ, ನಿನ್ನ ಜನನ ಲೋಕಕ್ಕೆಲ್ಲ ಸಂತೋಷ ಸಾರಿತು ಅಂತ. ಅದು ಮೊದಲನೇ ಧಾಟಿಯದ್ದೇ! ಗೊತ್ತಿದ್ದು ಆರಿಸಿದಿರೋ ಸುಮ್ನೆ ಸಿಕ್ಕಿದ್ದೋ, ಹಬ್ಬಕ್ಕೆ ಅಳತೆ ಕೊಟ್ಟು ಹೊಲಿಸಿದ ಹಾಗಿದೆ.

ಅಭ್ಯಾಸದ ವಿಷಯಕ್ಕೆ ಬರೋಣ. ನಾನು ಬಾಸ್, ಅಂದರೆ ಎಲ್ಲಕ್ಕಿಂತ ಕೆಳಗಿನ ಧ್ವನಿ, ಹಾಡುವವನು. ನಮ್ಮ ಗುಂಪಿನ ಅಭ್ಯಾಸ ಕಾಕ್ಸ್ ಟೌನ್‌ನ ಒಂದು ಮನೆಯ ಹಾಲ್‌ನಲ್ಲಿ. ರೈಲು ಹೋಗುವಾಗ ನಿಲ್ಲಿಸುತ್ತೇವೆ, ಹೋದ ಮೇಲೆ ಮತ್ತೆ ಎತ್ತಿಕೊಳ್ಳುತ್ತೇವೆ. ಅಲ್ಲಿ ಪ್ರತಿ ಸಲ ಕಾಣುವ ತೊಂದರೆ ಒಂದೇ. ಎಲ್ಲರೂ ನಾಲ್ಕು ಧ್ವನಿಯ ಭಾಗವನ್ನು ತಿದ್ದಿ ತೀಡುತ್ತಾರೆ, ಚಾಂಟ್ ಬಂದಾಗ ಬಸ್ ಸ್ಟಾಪ್‌ನಲ್ಲಿ ಕಾಯುವ ಮುಖ ಮಾಡುತ್ತಾರೆ. ಶ್ರುತಿ ಜಾರುವುದು ಅಲ್ಲೇ. ಚಾಂಟ್‌ನಲ್ಲಿ ಲಾ ಸ್ವರದ ಮೇಲೆ ಹತ್ತು ಹದಿನೈದು ಉಚ್ಚಾರ ಓದಬೇಕು. ಒಂದೊಂದು ಉಚ್ಚಾರಕ್ಕೂ ಕೂದಲೆಳೆಯಷ್ಟು ಇಳಿದರೂ ಸಾಲು ಮುಗಿಯುವ ಹೊತ್ತಿಗೆ ಕಾಲು ಸ್ವರ ಹೋಗಿರುತ್ತದೆ. ಎಂಟನೇ ಸಾಲಿಗೆ ಬರುವಾಗ ಬಾಸ್‌ನವರು ನೆಲ ಕೆರೆಯುತ್ತಿರುತ್ತಾರೆ.

ಮಾಡಬೇಕಾದ್ದು ಇಷ್ಟು. ಮೊದಲ ಕೆಲವು ಅಭ್ಯಾಸದಲ್ಲಿ ಬಹುಧ್ವನಿ ಮುಟ್ಟಲೇಬೇಡಿ. ಎಲ್ಲರೂ ಸೇರಿ ಹನ್ನೆರಡೂ ಸಾಲು ಚಾಂಟ್‌ನಲ್ಲೇ ಹಾಡಿ. ಪದಗಳು ಬಾಯಿಗೆ ಕೂರಬೇಕು. ಸಾಲಿನ ನಡುವೆ ನಕ್ಷತ್ರದ ಗುರುತು ಇರುತ್ತದೆ, ಅಲ್ಲಿ ಎಲ್ಲರೂ ಒಟ್ಟಿಗೆ ಉಸಿರು ತೆಗೆಯಬೇಕು. ಆ ಮೌನಕ್ಕೆ ಹೆದರಬೇಡಿ. ಆದರೆ ಸಾಲು ಮುಗಿದ ಮೇಲೆ ಕಾಯಬೇಡಿ, ಮುಂದಿನ ಕಡೆಯವರು ತಕ್ಷಣ ಎತ್ತಿಕೊಳ್ಳಬೇಕು. ನಮ್ಮ ಎಷ್ಟೋ ಕ್ವಾಯರ್‌ಗಳು ಇದನ್ನು ಉಲ್ಟಾ ಮಾಡುತ್ತವೆ: ನಡುವೆ ಓಡುತ್ತವೆ, ಕೊನೆಯಲ್ಲಿ ಎಳೆಯುತ್ತವೆ. ಆಮೇಲೆ ಬಹುಧ್ವನಿ ಕಲಿಯುವಾಗ ಒಂದೊಂದು ಸಾಲಿನ ಕೊನೆಯ ಸ್ವರಮೇಳದಿಂದ ಚಾಂಟ್‌ನ ಮೊದಲ ಸ್ವರ ಹಿಡಿಯುವ ಜಾಗವನ್ನಷ್ಟೇ ಹತ್ತಾರು ಸಲ ಮಾಡಿಸಿ. ಆ ಹೊಲಿಗೆ ಗಟ್ಟಿಯಾದರೆ ಉಳಿದದ್ದು ನಿಲ್ಲುತ್ತದೆ.

ಚಾಂಟ್ ಯಾರು ಹಾಡಬೇಕು? ನಿವೃತ್ತ ಅಂಕಲ್ ಜೊತೆಗೆ ಇಬ್ಬರು ಮೂವರನ್ನು ಸೇರಿಸಿ ಪ್ರತ್ಯೇಕ ಗುಂಪು ಮಾಡಿ, ಸ್ವಲ್ಪ ದೂರ ನಿಲ್ಲಿಸಿ. ಜನರಿಗೆ ಕಲಿಸಲು ಸಾಧ್ಯವಾದರೆ ಇನ್ನೂ ಒಳ್ಳೆಯದು. ಧಾಟಿ ಒಂದೇ ಆದ್ದರಿಂದ ಎರಡು ಸಾಲು ಕೇಳಿದವರು ಮೂರನೆಯದಕ್ಕೆ ಸೇರಿಕೊಳ್ಳಬಹುದು.

ಸ್ಕೋರಿನಲ್ಲಿ ಇನ್ನೊಂದು ವಿಷಯ ನೋಡಿಕೊಳ್ಳಿ. ಈ ಬಗೆಯ ಮ್ಯಾಗ್ನಿಫಿಕಾಟ್‌ಗಳಲ್ಲಿ ನಡುವಿನ ಒಂದು ಸಾಲಿಗೆ ಧ್ವನಿಗಳು ಕಮ್ಮಿಯಾಗುವುದು, ಕೊನೆಯ 'ಸಿಕುತ್ ಎರಾತ್'ಗೆ ಧ್ವನಿಗಳು ಜಾಸ್ತಿಯಾಗುವುದು ಸಾಮಾನ್ಯ. ಕೊನೆಯ ಪುಟದಲ್ಲಿ ಯಾರು ಎರಡಾಗಿ ಒಡೆಯಬೇಕು ಅನ್ನೋದನ್ನು ಮೊದಲ ದಿನವೇ ತೀರ್ಮಾನಿಸಿ. ಹಬ್ಬದ ಹಿಂದಿನ ರಾತ್ರಿ ವಾಟ್ಸ್ಆ್ಯಪ್‌ನಲ್ಲಿ ಟೆನರ್ ಹುಡುಕುವ ಕಷ್ಟ ಬೇಡ.

ಗುರುಗಳ ಹತ್ತಿರ ಮುಂಚೆಯೇ ಮಾತಾಡಿ. ಈಗಿನ ಸಂಜೆ ಪ್ರಾರ್ಥನೆ ಚಿಕ್ಕದು. ಎರಡು ಕೀರ್ತನೆ, ಹೊಸ ಒಡಂಬಡಿಕೆಯ ಒಂದು ಗೀತೆ, ವಾಚನ. ಮ್ಯಾಗ್ನಿಫಿಕಾಟ್ ಮಾತ್ರ ತನ್ನ ಜಾಗ ಬಿಟ್ಟುಕೊಟ್ಟಿಲ್ಲ. ಇಂಥ ಹಳೆಯ ಬಹುಧ್ವನಿ ಹಾಡಬಹುದಾ ಅಂತ ಯಾರಾದರೂ ಅನುಮಾನಪಟ್ಟರೆ, 1963ರ ವ್ಯಾಟಿಕನ್ ಮಹಾಸಭೆಯ ದಾಖಲೆಯಲ್ಲೇ ಬಹುಧ್ವನಿ ಸಂಗೀತವನ್ನು ಹೊರಗಿಡಬಾರದು ಅಂತ ಬರೆದಿದೆ ಎಂದು ವಿನಯದಿಂದ ಹೇಳಿ. ಜೊತೆಗೆ ಕನ್ನಡ ಅರ್ಥವನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಹಂಚಿ. ಮೊದಲ ಪದ ಕೇಳಿದ ಕೂಡಲೇ ಎಲ್ಲರೂ ಎದ್ದು ಶಿಲುಬೆಯ ಗುರುತು ಹಾಕಬೇಕು ಅಂತಲೂ ಅದರಲ್ಲೇ ಬರೆಯಿರಿ. ನಿಮ್ಮದು ಮಧ್ಯದಲ್ಲಿ ಚಪ್ಪಾಳೆ ಬೀಳುವ ಸಭೆಯಾದರೆ, ಅದೂ ಬೇಡ ಅಂತ ಒಂದು ಸಾಲು.

ಪ್ರಶ್ನೆ: ಲ್ಯಾಟಿನ್ ಉಚ್ಚಾರ ಹೇಗೆ? ನಮ್ಮ ಕ್ವಾಯರ್‌ನಲ್ಲಿ ಒಬ್ಬೊಬ್ಬರದು ಒಂದೊಂದು ಥರ. ಕೆಲವರು ಇಂಗ್ಲಿಷ್ ಥರ ಓದುತ್ತಾರೆ.
— ಆಲ್ಟೊ ಹಾಡುವವರು, ಜಯನಗರ

ಉತ್ತರ: ಚರ್ಚಿನಲ್ಲಿ ಇಟಾಲಿಯನ್ ರೀತಿಯ ಉಚ್ಚಾರವೇ ರೂಢಿ. ಸ್ವರಗಳು ಕನ್ನಡದ ಹಾಗೇ ಶುದ್ಧ: ಅ, ಎ, ಇ, ಒ, ಉ. ಈ ವಿಷಯದಲ್ಲಿ ನಾವು ಇಂಗ್ಲಿಷಿನವರಿಗಿಂತ ಎಷ್ಟೋ ಮುಂದೆ ಇದ್ದೇವೆ. ನಾಲ್ಕನೇ ಸಾಲಿನ ಮೂರು ಪದ ಅಭ್ಯಾಸ ಮಾಡಿ, ಮುಖ್ಯ ಕಷ್ಟಗಳೆಲ್ಲ ಅಲ್ಲೇ ಇವೆ: 'ಫೇಚಿತ್ ಮೀಕಿ ಮಾಞ್ಞಾ'. ಮೊದಲನೆಯದರಲ್ಲಿ ಸಿ ಅಲ್ಲ, ಚಿ. ಎರಡನೆಯದರಲ್ಲಿ ಹ ಬರೆದಿದ್ದರೂ ಕ ಹೇಳಬೇಕು. ಮೂರನೆಯದರಲ್ಲಿ ಗ್ನ ಅಲ್ಲ, ಞ.

ನಮ್ಮವರ ನಿಜವಾದ ತೊಂದರೆ ಬೇರೆ. ವ್ಯಂಜನದಲ್ಲಿ ಮುಗಿಯುವ ಪದ ಕನ್ನಡದ ಬಾಯಿಗೆ ಒಗ್ಗುವುದಿಲ್ಲ, ಕೊನೆಗೆ ಒಂದು ಉ ಸೇರಿಬಿಡುತ್ತದೆ. ಬಸ್ಸು, ಕಾರು, ಫೇಚಿತ್ತು! ಒಬ್ಬರು ಹಾಡಿದರೆ ನಡೆಯುತ್ತದೆ. ಇಪ್ಪತ್ತು ಜನ ಸೇರಿದರೆ ಇಪ್ಪತ್ತು ತ್ ಇಪ್ಪತ್ತು ಕ್ಷಣಗಳಲ್ಲಿ ಬೀಳುತ್ತವೆ, ಜೊತೆಗೆ ಉ ಬಾಲ. ಕೊನೆಯ ತ್ ಹಾಕುವ ಕೆಲಸವನ್ನು ಎಲ್ಲಕ್ಕಿಂತ ಮೇಲಿನ ಧ್ವನಿಯಾದ ಸೊಪ್ರಾನೊದಲ್ಲಿ ಇಬ್ಬರಿಗೆ, ಬಾಸ್‌ನಲ್ಲಿ ಇಬ್ಬರಿಗೆ ವಹಿಸಿ. ಉಳಿದವರು ಸ್ವರದಲ್ಲೇ ಮುಗಿಸಲಿ. ಕೇಳುವವರಿಗೆ ಎಲ್ಲರೂ ಹಾಕಿದ ಹಾಗೇ ಕೇಳಿಸುತ್ತದೆ.

ಪ್ರಶ್ನೆ: ನಾನು ಕರ್ನಾಟಕ ಸಂಗೀತ ಕಲಿಯುವವಳು. ಮಗಳ ಶಾಲೆಯ ಕಾರ್ಯಕ್ರಮದಲ್ಲಿ ಇಂಥದ್ದೇ ಒಂದು ಹಳೆಯ ಚರ್ಚ್ ಹಾಡು ಕೇಳಿದೆ. ಮೊದಲನೇ ಟೋನ್ ಅಂದರೆ ಒಂದು ರಾಗವೇ? ನನಗೆ ಖರಹರಪ್ರಿಯ ಕೇಳಿದ ಹಾಗಾಯಿತು.
— ಸಂಗೀತ ವಿದ್ಯಾರ್ಥಿನಿ, ಮಲ್ಲೇಶ್ವರ

ಉತ್ತರ: ನಿಮ್ಮ ಕಿವಿ ಚೆನ್ನಾಗಿದೆ. ಮೊದಲನೇ ಟೋನ್ ಸೇರಿರುವ ಮೇಳವನ್ನು ಡೋರಿಯನ್ ಅನ್ನುತ್ತಾರೆ. ಹಾರ್ಮೋನಿಯಂನಲ್ಲಿ ಪಾಶ್ಚಾತ್ಯರು ರೇ (D) ಅನ್ನುವ ಬಿಳಿ ಮನೆಯಿಂದ ಹೊರಟು ಬಿಳಿ ಮನೆಗಳಲ್ಲೇ ಮೇಲಿನ ರೇವರೆಗೆ ಹೋದರೆ ಅದು ಸಿಗುತ್ತದೆ. ರೇಯನ್ನು ಷಡ್ಜ ಮಾಡಿಕೊಂಡರೆ ನಿಮ್ಮ ಖರಹರಪ್ರಿಯದ ಸ್ವರಗಳೇ. ಆದರೆ ಆರನೇ ಸ್ವರವನ್ನು ಆಗಾಗ ಅರ್ಧ ಇಳಿಸುತ್ತಾರೆ, ಆಗ ಧೈವತ ಬದಲಾಗಿ ನಠಭೈರವಿಯ ನೆರಳು ಬೀಳುತ್ತದೆ.

ಸ್ವರ ಒಂದೇ ಆದರೂ ರಾಗ ಅನ್ನುವಂತಿಲ್ಲ. ಗಮಕ ಇಲ್ಲ, ಮನೋಧರ್ಮದ ವಿಸ್ತಾರ ಇಲ್ಲ. ಟೋನ್ ಅನ್ನುವುದು ಗದ್ಯವನ್ನು ಸ್ವರದ ಮೇಲೆ ಓದುವ ಒಂದು ಅಚ್ಚು. ಸಾಲು ಉದ್ದವಾದರೆ ನಡುವಿನ ಲಾ ಉದ್ದವಾಗುತ್ತದೆ, ಗಿಡ್ಡವಾದರೆ ಗಿಡ್ಡ. ಹತ್ತುವುದು, ಬಳುಕುವುದು, ಇಳಿಯುವುದು ಬದಲಾಗೋದಿಲ್ಲ. ಬಹುಧ್ವನಿ ಭಾಗ ಕೇಳುವಾಗ ಮಾತ್ರ ರಾಗದ ಅಭ್ಯಾಸವನ್ನು ಪಕ್ಕಕ್ಕಿಡಿ. ಅಲ್ಲಿ ಒಂದು ಎಳೆಯನ್ನೇ ಹಿಂಬಾಲಿಸಿದರೆ ಉಳಿದ ಮೂರು ತಪ್ಪಿಹೋಗುತ್ತವೆ. ಮೊದಲ ಸಲ ಬಾಸ್ ಮಾತ್ರ ಕೇಳಿ, ಎರಡನೇ ಸಲ ಸೊಪ್ರಾನೊ, ಮೂರನೇ ಸಲ ಸುಮ್ನೆ ಕೂತು ಒಟ್ಟಿಗೆ ಕೇಳಿ. ಬಾಸ್ ಮೊದಲು ಅಂದದ್ದು ನಾನು ಬಾಸ್ ಅಂತಲ್ಲ. ಸರಿ, ಸ್ವಲ್ಪ ಅದೂ ಇದೆ.

ಪ್ರಶ್ನೆ: ಈಗಿನ ಕಾಲದಲ್ಲಿ ಸಿನಿಮಾ ಹಾಡಿನ ಟ್ಯೂನ್‌ಗೆ ದೇವರ ಹಾಡು ಬರೆದು ಹಾಡುತ್ತಾರೆ. ಗಣೇಶನ ಪೆಂಡಾಲಿನಲ್ಲೂ ಅದೇ, ಚರ್ಚಿನ ಹಬ್ಬದಲ್ಲೂ ಅದೇ. ಹಿಂದಿನ ಕಾಲದ ಶುದ್ಧತೆ ಎಲ್ಲಿ ಹೋಯಿತು?
— ಹಿರಿಯ ಓದುಗರು, ಚಾಮರಾಜಪೇಟೆ

ಉತ್ತರ: ಹಿಂದಿನ ಕಾಲಕ್ಕೇ ಹೋಗಿ ನೋಡೋಣ ಸಾರ್. ಒರ್ಲಾಂಡೊ ದಿ ಲಾಸ್ಸೊ ಅಂತ ಒಬ್ಬ ಸಂಯೋಜಕರಿದ್ದರು, ಲಾಸ್ಸುಸ್ ಅಂತಲೂ ಕರೆಯುತ್ತಾರೆ. ಈಗಿನ ಬೆಲ್ಜಿಯಂನ ಮೋನ್ಸ್ ಊರಿನವರು. 1556ರಿಂದ 1594ರಲ್ಲಿ ತೀರಿಕೊಳ್ಳುವವರೆಗೆ ಮ್ಯೂನಿಕ್‌ನಲ್ಲಿ ಬವೇರಿಯಾದ ದೊರೆಗಳ ಹತ್ತಿರ ಇದ್ದರು. ಅಚ್ಚ ಕ್ಯಾಥೊಲಿಕ್ ದರ್ಬಾರು. ಅಲ್ಲಿನ ಸಂಜೆ ಪ್ರಾರ್ಥನೆಗೆ ಲಾಸ್ಸೊ ಬರೆದ ಮ್ಯಾಗ್ನಿಫಿಕಾಟ್‌ಗಳು 100ರಷ್ಟು. ಅವರು ತೀರಿಕೊಂಡ ಮೇಲೆ 1619ರಲ್ಲಿ ಮಗ ರುಡಾಲ್ಫ್ ಅವನ್ನು ಸೇರಿಸಿ ಅಚ್ಚು ಹಾಕಿಸಿದರು.

ಅವುಗಳಲ್ಲಿ 40ರಷ್ಟು ಬೇರೆ ಹಾಡುಗಳ ಮೇಲೆ ಕಟ್ಟಿದವು. ಕೆಲವಕ್ಕೆ ಮೂಲ ಭಕ್ತಿಗೀತೆಗಳೇ. ಆದರೆ ಫ್ರೆಂಚ್ ಹಾಡುಗಳು, ಇಟಾಲಿಯನ್ ಪ್ರೇಮಗೀತೆಗಳು ಕೂಡ ಇವೆ. ಚಿಪ್ರಿಯಾನೊ ದೆ ರೋರೆ ಅವರ 'ಆಂಕೋರ್ ಕೆ ಕೊಲ್ ಪಾರ್ತಿರೆ' ಆ ಕಾಲದಲ್ಲಿ ಮನೆಮನೆಯಲ್ಲೂ ಗುನುಗುತ್ತಿದ್ದ ಹಾಡು. ಅಗಲುವಾಗ ಪ್ರಾಣ ಹೋದ ಹಾಗಾಗುತ್ತದೆ, ಆದರೂ ಮರಳಿ ಬರುವ ಸುಖಕ್ಕೋಸ್ಕರ ಗಳಿಗೆ ಗಳಿಗೆಗೂ ಅಗಲೋಣ ಅನಿಸುತ್ತದೆ ಅಂತ ಅದರ ಅರ್ಥ. ಇದರ ಒಳಾರ್ಥ ಆಗಿನವರಿಗೆ ಚೆನ್ನಾಗಿಯೇ ಗೊತ್ತಿತ್ತು. ಲಾಸ್ಸೊ ಇದರ ಸಂಗೀತವನ್ನು ತೆಗೆದುಕೊಂಡು ಮರಿಯಮ್ಮನವರ ಸ್ತುತಿಗೆ ಹೊಂದಿಸಿದರು. ಚರ್ಚಿನಲ್ಲಿ ಚೆಲ್ಲು ಸಂಗೀತ ಬೇಡ ಅಂತ ಕ್ಯಾಥೊಲಿಕ್ ಚರ್ಚಿನ ಟ್ರೆಂಟ್ ಮಹಾಸಭೆ ಹೇಳಿದ್ದು 1562ರಲ್ಲಿ. ಅದಾದ ಮೇಲೂ ಇದು ನಡೆಯಿತು.

ಆದರೆ ನಿಮ್ಮ ದೂರಿನಲ್ಲಿ ಹುರುಳಿಲ್ಲ ಅಂತ ನಾನು ಹೇಳಲಾರೆ. ಲಾಸ್ಸೊ ಮೂಲ ಹಾಡಿಗೆ ಬೇರೆ ಮಾತು ಅಂಟಿಸಿ ಕೈತೊಳೆದುಕೊಳ್ಳಲಿಲ್ಲ. ಅದನ್ನು ಬಿಚ್ಚಿ, ಒಂದು ತುಣುಕನ್ನು ಇಲ್ಲಿ, ಇನ್ನೊಂದನ್ನು ಅಲ್ಲಿ ಇಟ್ಟು, ಹೊಸದಾಗಿ ನೇಯ್ದರು. ನಡುವೆ ಚಾಂಟ್ ಸಾಲು ಎಂದಿನಂತೆ ಬಂದು ಹೋಗುತ್ತಿತ್ತು. ಗೊತ್ತಿದ್ದವರು ಒಳಗೊಳಗೇ ನಕ್ಕಿರಬೇಕು, ಗೊತ್ತಿಲ್ಲದವರಿಗೆ ಅದು ಬರೀ ಮ್ಯಾಗ್ನಿಫಿಕಾಟ್. ನಮ್ಮ ಪೆಂಡಾಲಿನ ಹಾಡುಗಳಲ್ಲಿ ನನಗೆ ಬೇಸರ ತರಿಸುವುದು ಟ್ಯೂನ್ ಎರವಲು ತಂದದ್ದಲ್ಲ, ತಂದ ಮೇಲೆ ಏನೂ ಕೆಲಸ ಮಾಡದಿರುವುದು.

ಪ್ರಶ್ನೆ: ನಾವು ಕ್ರೈಸ್ತರಲ್ಲ. ಬೆಂಗಳೂರಿನಲ್ಲಿ ಇಂಥ ಸಂಜೆ ಪ್ರಾರ್ಥನೆ ಎಲ್ಲಿ ಕೇಳಬಹುದು? ನಮ್ಮನ್ನು ಒಳಗೆ ಬಿಡುತ್ತಾರಾ?
— ದಂಪತಿ, ಬಸವನಗುಡಿ

ಉತ್ತರ: ಧಾರಾಳವಾಗಿ ಹೋಗಿ, ಯಾರೂ ಜಾತಕ ಕೇಳೋದಿಲ್ಲ. ಹಿಂದಿನ ಬೆಂಚಿನಲ್ಲಿ ಕೂತು, ಉಳಿದವರು ಎದ್ದಾಗ ಎದ್ದರೆ ಸಾಕು. ಪರಮಪ್ರಸಾದ ಕೊಡುವ ಸಾಲಿನಲ್ಲಿ ಮಾತ್ರ ನಿಲ್ಲಬೇಡಿ. ಅದು ಬಲಿಪೂಜೆಯಲ್ಲಿ ಬರುತ್ತದೆ, ಸಂಜೆ ಪ್ರಾರ್ಥನೆಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಆದರೆ ನಮ್ಮ ಊರಿನ ಚರ್ಚುಗಳಲ್ಲಿ ಸಂಜೆ ನಡೆಯುವುದು ಹೆಚ್ಚಾಗಿ ಬಲಿಪೂಜೆ, ಕನ್ನಡ, ತಮಿಳು, ಇಂಗ್ಲಿಷ್, ಕೊಂಕಣಿ ಹೀಗೆ. ವೆಸ್ಪರ್ಸ್ ದಿನಾ ನಡೆಯುವುದು ಗುರುಮಠಗಳಲ್ಲಿ, ಕಾನ್ವೆಂಟುಗಳಲ್ಲಿ. ಅಲ್ಲೂ 16ನೇ ಶತಮಾನದ ಲ್ಯಾಟಿನ್ ಬಹುಧ್ವನಿ ನಿರೀಕ್ಷಿಸಬೇಡಿ. ಅದನ್ನು ಕೇಳಬೇಕಾದರೆ ಡಿಸೆಂಬರ್‌ನಲ್ಲಿ ಕ್ವಾಯರ್‌ಗಳ ಕಾರ್ಯಕ್ರಮಗಳ ಮೇಲೆ ಕಣ್ಣಿಡಿ, ಕ್ಯಾರೊಲ್‌ಗಳ ನಡುವೆ ಒಂದೆರಡು ಇಂಥವು ನುಸುಳುತ್ತವೆ. ಮನೆಯಲ್ಲಿ ಕೇಳುವುದಾದರೆ ಚಾಂಟ್ ಸಾಲುಗಳನ್ನೂ ಸೇರಿಸಿ ಹಾಡಿದ ರೆಕಾರ್ಡಿಂಗ್ ಹುಡುಕಿ. ಮೊದಲು ವಿಕ್ಟೋರಿಯಾ ಅಥವಾ ಪಾಲೆಸ್ತ್ರೀನಾ, ಆಮೇಲೆ ಲಾಸ್ಸೊ. ಅದು ಹಿಡಿಸಿದರೆ ಇಟಲಿಯ ಸಂಯೋಜಕ ಮೊಂಟೆವೆರ್ಡಿ 1610ರಲ್ಲಿ ಅಚ್ಚು ಹಾಕಿಸಿದ ವೆಸ್ಪರ್ಸ್ ಕೇಳಿ. ಅಷ್ಟು ಹೊತ್ತಿಗೆ ಕಾಲ ಬದಲಾಗಿ ವಾದ್ಯಗಳು, ಒಂಟಿ ಗಾಯಕರು ಎಲ್ಲ ಒಳಗೆ ಬಂದಾಗಿತ್ತು. ಅದನ್ನೇ ಮೊದಲು ಕೇಳಿದರೆ ಉಳಿದವು ಸಪ್ಪೆ ಅನಿಸುವ ಅಪಾಯ ಇದೆ.

ಪ್ರಶ್ನೆ: ಆಗಿನ ಕ್ವಾಯರ್‌ಗಳಲ್ಲಿ ಹೆಂಗಸರು ಇರಲಿಲ್ಲವಂತೆ. ಹಾಗಾದರೆ ಸೊಪ್ರಾನೊ ಯಾರು ಹಾಡುತ್ತಿದ್ದರು? ನಾವು ಹಾಡಿದರೆ ತಪ್ಪಾ?
— ಸೊಪ್ರಾನೊ, ಕಮ್ಮನಹಳ್ಳಿ

ಉತ್ತರ: ಹುಡುಗರು ಹಾಡುತ್ತಿದ್ದರು, ಇಲ್ಲವೇ ಕಳ್ಳಧ್ವನಿಯಲ್ಲಿ ದೊಡ್ಡ ಗಂಡಸರು. ಆದರೆ ಕಾನ್ವೆಂಟುಗಳಲ್ಲಿ ಸನ್ಯಾಸಿನಿಯರು ಹಾಡುತ್ತಿದ್ದರು. ನೀವು ಹಾಡುವುದರಲ್ಲಿ ತಪ್ಪೇನಿಲ್ಲ. ಹಾಡು ಒಬ್ಬ ಹೆಣ್ಣುಮಗಳದ್ದೇ ತಾನೇ? ಧ್ವನಿ ಅಲುಗಿಸದೆ, ನೇರವಾಗಿ ಹಾಡಿ, ಸಾಕು.

ಪ್ರಶ್ನೆ: ನಮಗೆ ಶ್ರುತಿ ನಿಲ್ಲೋದಿಲ್ಲ. ಹಾಡುವಾಗ ಕೀಬೋರ್ಡ್ ಮೆಲ್ಲಗೆ ನುಡಿಸುತ್ತಾ ಇದ್ದರೆ ಆಗುತ್ತಾ?
— ಕ್ವಾಯರ್ ಸದಸ್ಯ, ಕೆ.ಆರ್. ಪುರ

ಉತ್ತರ: ಅಭ್ಯಾಸದಲ್ಲಿ ನುಡಿಸಿ, ಬೇಡ ಅನ್ನೋದಿಲ್ಲ. ಆಗಿನ ಕಾಲದಲ್ಲೂ ಆರ್ಗನ್ ಇತ್ತು. ಎಷ್ಟೋ ಕಡೆ ಚಾಂಟ್ ಸಾಲುಗಳ ಬದಲು ಆರ್ಗನ್ ಒಂದೇ ಆ ಸಾಲುಗಳನ್ನು ನುಡಿಸುತ್ತಿತ್ತು. ಸ್ಪೇನಿನ ಕುರುಡ ಆರ್ಗನ್ ವಾದಕ ಆಂತೋನಿಯೊ ದೆ ಕಾಬೆಸೋನ್ ಅದಕ್ಕೆಂದೇ ಸಣ್ಣ ಸಣ್ಣ ತುಣುಕುಗಳನ್ನು ಬರೆದಿದ್ದಾರೆ, ಮಗ ಅವನ್ನು 1578ರಲ್ಲಿ ಅಚ್ಚು ಹಾಕಿಸಿದರು. ನಿಮ್ಮಲ್ಲಿ ಒಳ್ಳೆಯ ಕೀಬೋರ್ಡ್ ವಾದಕರಿದ್ದರೆ ಒಂದೆರಡು ಸಾಲಿಗೆ ಅದನ್ನು ಪ್ರಯತ್ನಿಸಬಹುದು. ಆದರೆ ಆ ಸಾಲಿನ ಮಾತುಗಳನ್ನು ಯಾರಾದರೂ ಸ್ಪಷ್ಟವಾಗಿ ಓದಲೇಬೇಕು.

ಹಬ್ಬದ ದಿನ ಕ್ವಾಯರ್‌ನ ಅಡಿಯಲ್ಲಿ ಆಸರೆಗೆ ಅಂತ ನುಡಿಸಬೇಡಿ. ಶ್ರುತಿ ಇಳಿದಾಗ ಅದು ಕಾಪಾಡುವುದಿಲ್ಲ, ಇಳಿದದ್ದನ್ನು ಇಡೀ ಚರ್ಚಿಗೆ ಸಾರುತ್ತದೆ. ಅದರ ಬದಲು ಎರಡು ಕೆಲಸ ಮಾಡಿ. ಹಾಡುವ ಹೊತ್ತಿನಲ್ಲಿ ತಲೆಯ ಮೇಲಿನ ಫ್ಯಾನ್ ಆರಿಸಿ, ಅದರ ಗುಂಯ್ ಸದ್ದಿನಲ್ಲಿ ಒಬ್ಬರಿಗೆ ಒಬ್ಬರು ಕೇಳಿಸುವುದಿಲ್ಲ. ಸೆಪ್ಟೆಂಬರ್ ಸಂಜೆ ಹತ್ತು ನಿಮಿಷ ಬೆವರಿದರೆ ಯಾರೂ ಕರಗುವುದಿಲ್ಲ. ಎರಡನೆಯದಾಗಿ, ಸಾಲಾಗಿ ನಿಲ್ಲಬೇಡಿ, ಅರ್ಧಚಂದ್ರಾಕಾರವಾಗಿ ನಿಲ್ಲಿ. ಬಾಸ್‌ನವರು ನಡುವೆ, ಸೊಪ್ರಾನೊದವರು ಅವರ ಮುಂದೆ. ಫೋನಿನ ಟ್ಯೂನರ್ ಆ್ಯಪ್ ನಡೆಸುವವರ ಕಿಸೆಯಲ್ಲಿರಲಿ. ಶುರುವಿನ ಸ್ವರ ಕೊಟ್ಟ ಮೇಲೆ ಅದನ್ನು ಸೈಲೆಂಟ್‌ಗೆ ಹಾಕುವುದನ್ನು ಮರೆಯಬೇಡಿ.